ಮುಂದಿನ ಗುರುವಾರದ ರುಜು

ಪೂಜ್ಯ ಮಾತೆ ಸಲೇತಮ್ಮನವರು ತಮ್ಮ ಜೀವಿತದ ಕೊನೆಯ ಇಪ್ಪತ್ತಾರು ವರ್ಷಗಳನ್ನು ಕಳೆದದ್ದು ಅರೆಕಲ್ಲುದೊಡ್ಡಿಯ ಗುಡಿಯ ಹಿಂದಿದ್ದ ಒಂದಂಕಣದ ಗುಡಿಸಲಿನಲ್ಲಿ. ಗುಡಿಯಾದರೂ ದೊಡ್ಡದೇನಲ್ಲ. ನಾಡಹೆಂಚಿನ ಸೂರು, ಮಣ್ಣಿನ ಗೋಡೆ, ಒಳಗೊಂದು ಮರದ ಶಿಲುಬೆ, ದೇವಮಾತೆಯ ಒಂದು ಪಟ, ಅಷ್ಟೆ. ಬೆಟ್ಟದ ಬುಡದ ಕೆಂಪುಹಳ್ಳದಿಂದ ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಹತ್ತಿ ಬಂದು ರೊಟ್ಟಿ ದ್ರಾಕ್ಷಾರಸಗಳ ಬಲಿಪೂಜೆ ಅರ್ಪಿಸಿ ಇಳಿದುಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಗಂಟೆ ಹೊಡೆಯುವವರು, ಕಸ ಗುಡಿಸುವವರು, ಮಕ್ಕಳಿಗೆ ಜಪ ಕಲಿಸುವವರು, ಸಾಯುವವರ ಪಕ್ಕದಲ್ಲಿ ಕೂರುವವರು ಎಲ್ಲವೂ ಮಾತೆಯವರೊಬ್ಬರೇ. ಅವರು ಯಾವ ಮಠಕ್ಕೂ ಸೇರಿದವರಲ್ಲ. ಚಿಕ್ಕ ಪ್ರಾಯದಲ್ಲೇ ವಿಧವೆಯಾಗಿ, ಯಾರೂ ಕಳುಹಿಸದೆ, ಯಾರೂ ಕರೆಯದೆ ಬೆಟ್ಟ ಹತ್ತಿ ಬಂದು ಅಲ್ಲೇ ನಿಂತವರು. ಜನ ಅವರನ್ನು ‘ಅವ್ವ’ ಎನ್ನುತ್ತಿದ್ದರು. ಮಾತೆ ಎಂಬ ಹೆಸರು ಅವರು ತೀರಿಕೊಂಡ ಮೇಲೆ ಬಂದದ್ದು. ಬದುಕಿದ್ದಾಗ ಹಾಗೆ ಕರೆದಿದ್ದರೆ ಕಸಪೊರಕೆ ತೋರಿಸುತ್ತಿದ್ದರೇನೋ.

ಆ ಗುಡಿಸಲಿನಲ್ಲಿ ಒಂದು ಚಾಪೆ, ಒಂದು ಮಡಕೆ, ಗೂಟಕ್ಕೆ ನೇತುಹಾಕಿದ ಜಪಸರ, ಮತ್ತು ಗೋಡೆಯ ಮೇಲೆ ಸ್ವಾಮಿಗಳು ವರ್ಷಕ್ಕೊಂದು ತಂದುಕೊಡುತ್ತಿದ್ದ ಕ್ಯಾಲೆಂಡರ್ ಇದ್ದವು. ಮಾಂಸ ಬಿಡಬೇಕಾದ ದಿನಗಳ ಮೇಲೆ ಅದರಲ್ಲಿ ಪುಟ್ಟ ಮೀನಿನ ಚಿತ್ರ ಅಚ್ಚಾಗಿರುತ್ತಿತ್ತು. ಮಾತೆಯವರು ಪ್ರತಿ ಸಂಜೆ ಆ ದಿನದ ತಾರೀಖನ್ನು ಇದ್ದಿಲಿನಿಂದ ಹೊಡೆದುಹಾಕಿ, ಭಾನುವಾರ ಜಪ ಮುಗಿದ ಮೇಲೆ ಆ ವಾರ ಯಾವ ಹಬ್ಬ, ಯಾವ ಉಪವಾಸ ಎಂದು ಜನರಿಗೆ ತಿಳಿಸುತ್ತಿದ್ದರು. ರಾಗಿ, ಹುರುಳಿ ಬೆಳೆದು ದನ ಮೇಯಿಸುವ ಜನಕ್ಕೆ ಅಮಾವಾಸ್ಯೆ ಹುಣ್ಣಿಮೆ ಗೊತ್ತು, ಮಳೆಯ ನಕ್ಷತ್ರ ಗೊತ್ತು. ತಾರೀಖು ಯಾರಿಗೆ ಬೇಕು? ಹೀಗಾಗಿ ಮೂವತ್ತೆಂಟು ಮನೆಗಳ ಆ ದೊಡ್ಡಿಯಲ್ಲಿ ಇವತ್ತು ಎಷ್ಟನೇ ತಾರೀಖು ಎಂಬುದು ಮಾತೆಯವರೊಬ್ಬರಿಗೇ ತಿಳಿದಿತ್ತು. ಈ ಸಣ್ಣ ಸಂಗತಿಯೇ ಮುಂದೆ ಒಬ್ಬನ ಬದುಕನ್ನು ಹಿಡಿದು ನಿಲ್ಲಿಸಿತು.

ಅವನ ಹೆಸರು ಚೌರಪ್ಪ. ಕೆಂಪುಹಳ್ಳದವನು, ಮಲೇರಿಯಾ ಕೆಲಸದವನು. ಆ ಕಾಲದಲ್ಲಿ ಸರ್ಕಾರ ಮಲೇರಿಯಾವನ್ನು ದೇಶದಿಂದಲೇ ಓಡಿಸುತ್ತೇನೆಂದು ಹಟ ತೊಟ್ಟಿತ್ತು. ಪ್ರತಿ ಮನೆಗೂ ಹದಿನೈದು ದಿನಕ್ಕೊಮ್ಮೆ ಹೋಗಬೇಕು, ಯಾರಿಗಾದರೂ ಜ್ವರ ಇದೆಯೇ ಎಂದು ಕೇಳಬೇಕು. ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು ಮಾತ್ರೆ ಕೊಡಬೇಕು. ಹೋದದ್ದಕ್ಕೆ ಗುರುತಾಗಿ ಪ್ರತಿ ಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ಚೌಕ ಬರೆಸಿದ್ದರು. ಅದರೊಳಗೆ ಬಂದ ದಿನದ ತಾರೀಖನ್ನೂ ಅದರ ಪಕ್ಕದಲ್ಲಿ ರುಜುವನ್ನೂ ಸೀಸದಕಡ್ಡಿಯಿಂದ ಹಾಕಬೇಕು. ಆ ಚೌಕವನ್ನು ಅಳಿಸಬಾರದೆಂದು ಕಟ್ಟಪ್ಪಣೆ. ಕ್ರಿಸ್ಮಸ್ಸಿಗೆ ಮನೆಗೆ ಸುಣ್ಣ ಬಳಿಯುವಾಗಲೂ ಜನ ಅದನ್ನು ಬಿಟ್ಟು, ಸುತ್ತ ಮಾತ್ರ ಬಳಿಯುತ್ತಿದ್ದರು. ಬರಬರುತ್ತಾ ಆ ರುಜುವೇ ಒಂದು ರಕ್ಷೆ ಎಂಬ ನಂಬಿಕೆ ಬೇರೂರಿತ್ತು. ಸರ್ಕಾರದವರು ಬಂದು ಬರೆದು ಹೋದರು, ಇನ್ನು ಹದಿನೈದು ದಿನ ಜ್ವರ ಹತ್ತಿರ ಸುಳಿಯುವುದಿಲ್ಲ ಎಂದು ಹೆಂಗಸರು ನಿಶ್ಚಿಂತರಾಗಿರುತ್ತಿದ್ದರು.

ಅದು ಕಾಲಿಗೆ ಚಕ್ರ ಕಟ್ಟಿಕೊಂಡವರು ಮಾಡುವ ಕೆಲಸ. ಚೌರಪ್ಪನ ಕಾಲಿಗಾದರೋ ಐವತ್ತೆರಡು ವರ್ಷ. ಅವನ ಪಾಲಿಗೆ ಒಂಬತ್ತು ಊರುಗಳಿದ್ದವು; ಎಂಟು ಹೇಗೋ ನಡೆಯುತ್ತಿದ್ದವು, ಒಂಬತ್ತನೆಯದಾದ ಅರೆಕಲ್ಲುದೊಡ್ಡಿ ಮಾತ್ರ ಅವನ ಜೀವ ಹಿಂಡುತ್ತಿತ್ತು. ಐದು ಮೈಲಿ ಏರು, ನಡುವೆ ಮೂರು ಕಡೆ ಹಳ್ಳ. ಎಡಗಾಲಿನ ಮಂಡಿ ಏರುವಾಗ ಬೈಯುತ್ತಿತ್ತು, ಇಳಿಯುವಾಗ ಅಳುತ್ತಿತ್ತು. ದೊಡ್ಡಿಯ ಸರದಿ ಗುರುವಾರ; ಹಿಂದಿನ ದಿನ ಬುಧವಾರ ಸಂಜೆಯಿಂದಲೇ ಅವನ ಮುಖ ಬಾಡುವುದನ್ನು ನೋಡಿ ಹೆಂಡತಿ ಪಾಸ್ಕಮ್ಮ ಎಳ್ಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಬೇರೆ ಊರಿಗೆ ಹಾಕಿರೆಂದು ಎರಡು ಸಲ ಅರ್ಜಿ ಬರೆದುಕೊಂಡಿದ್ದ. ಜವಾಬು ಬರಲಿಲ್ಲ.

ಚೌರಪ್ಪ ಕೆಟ್ಟವನೆಂದು ಓದುಗರು ತಿಳಿಯಬಾರದು. ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಬೀಡಿ ಮುಟ್ಟಿದವನಲ್ಲ, ಮೆರವಣಿಗೆಯಲ್ಲಿ ಪವಿತ್ರ ರೊಟ್ಟಿಯಾದ ಸತ್ಪ್ರಸಾದದ ಮೇಲೆ ಹಿಡಿಯುವ ಚಪ್ಪರದ ಒಂದು ಕೋಲು ಹದಿನೆಂಟು ವರ್ಷಗಳಿಂದ ಅವನ ಕೈಯಲ್ಲೇ ಇತ್ತು. ಅವನು ದಣಿದವನು, ಅಷ್ಟೆ. ದಣಿದವನಿಗೆ ಸೈತಾನ ಕೊಂಬು ಬಾಲ ಹೊತ್ತು ಬರಬೇಕಾಗಿಲ್ಲ. ಸ್ವಲ್ಪ ಕೂತುಕೋ ಎಂದರೆ ಸಾಕು.

ಆ ವರ್ಷ ಆಗಸ್ಟ್ ತಿಂಗಳ ಮೊದಲ ಗುರುವಾರ ಅವನು ಸೊಂಟಮಟ್ಟದ ನೀರಿನಲ್ಲಿ ಹಳ್ಳ ದಾಟಿ ದೊಡ್ಡಿಗೆ ಬಂದನು. ಮನೆಮನೆಗೂ ಹೋಗಿ ಕೇಳಿ ರುಜು ಹಾಕುತ್ತಾ ಬರುವಾಗ, ಹದಿನೈದು ದಿನ ಬಿಟ್ಟು ಬರುವ ಗುರುವಾರವೂ ಹಳ್ಳ ಹೀಗೇ ತುಂಬಿರುತ್ತದಲ್ಲ ಎನ್ನಿಸಿತು. ಸೀಸದಕಡ್ಡಿ ಕೈಯಲ್ಲೇ ಇತ್ತು. ಇವತ್ತಿನ ತಾರೀಖಿನ ಕೆಳಗೆ ಮುಂದಿನ ಗುರುವಾರದ ತಾರೀಖನ್ನೂ ಬರೆದು, ಪಕ್ಕದಲ್ಲಿ ‘ಚೌ’ ಎಂಬ ತನ್ನ ಗೀಟು ಎಳೆದನು. ಮೊದಲ ಮನೆಯಲ್ಲಿ ಬರೆಯುವ ಮುಂಚೆ ಹಿಂದೆ ತಿರುಗಿ ನೋಡಿದನು. ಹತ್ತನೆಯ ಮನೆಯಲ್ಲಿ ನೋಡಲಿಲ್ಲ. ಆ ಮುಂದಿನ ಗುರುವಾರ ಮನೆಯಲ್ಲೇ ಕಾಲು ಚಾಚಿ ಕೂತಾಗ ಮಳೆ ಬರಲಿಲ್ಲ, ಬಿಸಿಲು ಹೊಡೆಯುತ್ತಿತ್ತು, ಹಳ್ಳವೂ ಇಳಿದಿತ್ತು. ಅವನು ಬಾಗಿಲು ಮುಂದಕ್ಕೆ ಎಳೆದುಕೊಂಡನು.

ರೂಢಿ ಎಂಬುದು ಇಳಿಜಾರಿನ ಗಾಡಿ. ಆಗಸ್ಟ್ ಕೊನೆಗೆ ಹತ್ತಿದಾಗ ಮುಂದಿನ ಎರಡು ಸರದಿಯ ಗುರುವಾರಗಳಿಗೆ ಬರೆದಿಟ್ಟು ಬಂದನು. ಅಕ್ಟೋಬರಿನಲ್ಲಿ ಹತ್ತಿದಾಗ ಮುಂದಿನ ಮೂರಕ್ಕೆ. ಕಚೇರಿಯ ಪುಸ್ತಕದಲ್ಲಿ ಎಲ್ಲ ಸರಿಯಾಗಿತ್ತು, ಗೋಡೆಯ ಮೇಲೂ ಸರಿಯಾಗಿತ್ತು. ಸ್ವಾಮಿಗಳ ಬಳಿ ಪಾಪನಿವೇದನೆಗೆ ಹೋದಾಗ ಹೆಂಡತಿಯ ಮೇಲೆ ಸಿಡುಕಿದ್ದನ್ನೂ ಜಪದಲ್ಲಿ ತೂಕಡಿಸಿದ್ದನ್ನೂ ಹೇಳಿ ಬರುತ್ತಿದ್ದನು. ಇದೊಂದನ್ನು ಮಾತ್ರ ಹೇಳುತ್ತಿರಲಿಲ್ಲ. ಕೆಲಸದ ಮಾತು ಗುಡಿಯೊಳಗೆ ಏಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದನು.

ನವೆಂಬರ್ ಮೂರನೆಯ ವಾರದಲ್ಲಿ ಕಚೇರಿಯಿಂದ ಸುದ್ದಿ ಬಂತು. ಜಿಲ್ಲೆಯಿಂದ ದೊಡ್ಡ ಸಾಹೇಬರು ಶುಕ್ರವಾರ ಬರುತ್ತಾರೆ, ಎಲ್ಲೂ ಅಲ್ಲ, ಅರೆಕಲ್ಲುದೊಡ್ಡಿಗೇ ಹತ್ತುತ್ತಾರೆ, ಮನೆಮನೆಯಲ್ಲಿ ವಿಚಾರಿಸುತ್ತಾರೆ. ಅದನ್ನು ಕೇಳಿ ಚೌರಪ್ಪ ಲೆಕ್ಕ ಹಾಕತೊಡಗಿದನು. ಸಾಹೇಬರು ಗೋಡೆಯನ್ನಷ್ಟೇ ನೋಡಿದರೆ ಸರಿ. ಜನರನ್ನು ಕೇಳಿದರೆ? ‘ಆರು ವಾರದಿಂದ ಈಯಪ್ಪನ ಮುಖವೇ ಕಂಡಿಲ್ಲ’ ಎಂದು ಒಬ್ಬ ಮುದುಕಿ ಬಾಯಿಬಿಟ್ಟರೆ ಸಾಕು, ಪಿಂಚಣಿಗೆ ಇನ್ನು ಆರು ವರ್ಷವಿರುವಾಗ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಮಾನದ ಭಯ. ಚಪ್ಪರದ ಕೋಲು ಹಿಡಿಯುವ ಕೈಯಿಂದಲೇ ಕಳ್ಳ ರುಜು ಹಾಕಿದನಂತೆ ಎಂದು ಜನ ಆಡಿಕೊಂಡರೆ ಗುಡಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಗುರುವಾರ ಬೆಳಿಗ್ಗೆ ಎದ್ದವನೇ ಹತ್ತಲು ಹೊರಟನು. ಅದು ಅವನು ಅಕ್ಟೋಬರಿನಲ್ಲೇ ಬರೆದಿಟ್ಟಿದ್ದ ಮೂರನೆಯ ಗುರುವಾರ. ಕೆಲಸಕ್ಕೆಂದು ಹೊರಟದ್ದಲ್ಲ, ಜನರ ಬಾಯಿ ಕಟ್ಟಲು ಹೊರಟದ್ದು. ಯಾರ ಮನೆಯಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡನು. ಎರಡನೆಯ ಹಳ್ಳ ದಾಟುವಷ್ಟರಲ್ಲಿ ಮಂಡಿ ಊದಿಕೊಂಡಿತು. ಬಂಡೆಯ ಮೇಲೆ ಕೂತು ಉಸಿರು ಬಿಡುತ್ತಾ, ಸುಳ್ಳು ಹೇಳುವುದಕ್ಕೂ ಇಷ್ಟೇ ದೂರ ನಡೆಯಬೇಕಾಯಿತಲ್ಲ ಎಂದುಕೊಂಡನು. ನಗು ಬರಲಿಲ್ಲ.

ದೊಡ್ಡಿಯ ಮೊದಲ ಮನೆ ಮದಲಮೇರಿಯದು. ಅವಳು ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಅವಳ ಎಂಟು ವರ್ಷದ ಮಗಳು ಲೂರ್ದು ಪಕ್ಕದಲ್ಲಿ ಗಂಜಿ ಕುಡಿಯುತ್ತಾ ಕೂತಿತ್ತು. ಮಗುವಿನ ಕೆನ್ನೆ ಬತ್ತಿ, ತಲೆಗೂದಲು ಉದುರಿಹೋಗಿತ್ತು. ಚೌರಪ್ಪ ಅದನ್ನು ನೋಡಿಯೂ ನೋಡದವನಂತೆ, ನಾಳೆ ಸಾಹೇಬರು ಬಂದು ಕೇಳಿದರೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುತ್ತಾರೆ ಎಂದು ಹೇಳಬೇಕು ಎಂದನು. ಮದಲಮೇರಿ ಮೊರ ಕೆಳಗಿಟ್ಟು ಅವನನ್ನು ವಿಚಿತ್ರವಾಗಿ ನೋಡಿದಳು.

“ಯಾಕಣ್ಣ ಹಂಗಂತೀರಿ? ಬಂದಿಲ್ಲ ಅಂದೋರ್ಯಾರು? ನಿಮ್ಗೆ ಬರಾಕಾಗ್ದಾಗೆಲ್ಲ ಅವ್ವನ್ನ ಕಳಿಸ್ತಿದ್ರಲ್ಲ. ಈಗ್ಲೂ ಬಂದು ಕೇಳ್ಕಂಡು ಹೋದ್ರು.”

ಚೌರಪ್ಪನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಗೋಡೆಯ ಮೇಲೆ ತಾರೀಖು ಬಿದ್ದ ಗುರುವಾರ, ಅಣ್ಣ ಬಾರದಿದ್ದರೆ, ಅವ್ವನವರು ಕೋಲೂರಿಕೊಂಡು ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳುತ್ತಾರೆ. ಯಾಕವ್ವ ನೀವು ಎಂದರೆ, ‘ಇದು ಚೌರಪ್ಪನ ಕೆಲಸ, ಇವತ್ತು ನಾ ಮಾಡ್ತಾ ಇವ್ನಿ’ ಎನ್ನುತ್ತಾರೆ. ಹಿಂದಿನ ತಿಂಗಳ ಕೊನೆಯ ಗುರುವಾರ ಬಂದಾಗ ಲೂರ್ದುವಿನ ಮೈ ಕಾದ ಹೆಂಚಾಗಿತ್ತು. ರುಜು ಬಿದ್ದಿದೆ, ಬಿಟ್ಟುಹೋಗುತ್ತದೆ ಎಂದು ಮನೆಯವರು ಮೂರು ದಿನದಿಂದ ಸುಮ್ಮನೆ ಇದ್ದರು. ಅವ್ವನವರು ಮಗುವಿನ ಕಣ್ಣು ಬಿಡಿಸಿ ನೋಡಿ, ಆ ಕ್ಷಣವೇ ಅಪ್ಪನ ಹೆಗಲ ಮೇಲೆ ಹಾಕಿಸಿ, ಬೆಟ್ಟದ ಆಚೆ ಬದಿಯ ಕನ್ಯಾಸ್ತ್ರೀಯರ ಆಸ್ಪತ್ರೆಗೆ ಹೊರಡಿಸಿದರು. ತಾವೂ ಜೊತೆಗೆ ನಡೆದರು. ಏಳು ಮೈಲಿ ಹೋಗುವುದು, ಏಳು ಮೈಲಿ ಬರುವುದು. ಅರ್ಧ ದಿನ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಅಲ್ಲಿ ಹೇಳಿದರಂತೆ.

“ನೀವ್ ಅವ್ವನ್ನ ಕಳಿಸಿದ್ರಿ, ಅದ್ಕೇ ನನ್ ಮಗು ಉಳೀತು. ದೇವ್ರು ನಿಮ್ನ ಚೆನ್ನಾಗ್ ಮಡಗ್ಲಿ ಅಣ್ಣ,” ಎಂದು ಮದಲಮೇರಿ ಕಣ್ಣೊರೆಸಿಕೊಂಡಳು.

 ಚೌರಪ್ಪ ಗೋಡೆಯ ಚೌಕವನ್ನು ನೋಡಿದನು. ಅಕ್ಟೋಬರ್ ಕೊನೆಯ ಆ ಗುರುವಾರದ ಎದುರಿಗೆ ‘ಚೌ’ ಎಂದು ಅವನದೇ ಗೀಟು. ಆ ದಿನ ತಾನೆಲ್ಲಿದ್ದೆ ಎಂದು ಅವನಿಗೆ ಚೆನ್ನಾಗಿ ನೆನಪಿತ್ತು. ಮನೆಯ ಪಡಸಾಲೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದನು.

ಎರಡನೆಯ ಮನೆಗೆ ಹೋದನು. ಅವ್ವ ಈಗ ತಾನೆ ಹೋದರು ಎಂದರು. ಮೂರನೆಯ ಮನೆ, ನಾಲ್ಕನೆಯ ಮನೆ, ಏಳನೆಯ ಮನೆ, ಎಲ್ಲೆಲ್ಲೂ ಅದೇ ಮಾತು. ಈಗ ತಾನೆ ಬಂದು ಹೋದರು, ಕೇಳಿಕೊಂಡು ಹೋದರು. ಒಂದು ಮನೆಯಲ್ಲಿ, ಅವ್ವನಿಗೆ ಯಾಕೋ ಇವತ್ತು ಮೈಗೆ ಹುಷಾರಿಲ್ಲ, ನಡುಗುತ್ತಿದ್ದರು, ಕೂತುಕೊಳ್ಳಿ ಎಂದರೂ ಕೂರಲಿಲ್ಲ ಎಂದರು. ನಾಳಿನ ಸಾಹೇಬರಿಗಾಗಿ ಜೋಡಿಸಿಟ್ಟುಕೊಂಡು ಬಂದ ಮಾತು ಅವನಿಗೆ ಒಂದೂ ಬೇಕಾಗಲಿಲ್ಲ. ಅವನ ಸುಳ್ಳನ್ನು ಯಾರೋ ಆಗಲೇ ಮನೆಮನೆಗೂ ಹೋಗಿ ನಿಜ ಮಾಡಿಬಿಟ್ಟಿದ್ದರು. ಕುಂಟುತ್ತಾ, ಏದುತ್ತಾ, ಎಪ್ಪತ್ತು ದಾಟಿದ ಮುದುಕಿಯೊಬ್ಬರ ಹಿಂದೆ ಅವನು ದೊಡ್ಡಿಯುದ್ದಕ್ಕೂ ನಡೆದನು. ಎಷ್ಟು ನಡೆದರೂ ಅವರು ಒಂದು ಮನೆ ಮುಂದೆಯೇ ಇದ್ದರು.

ಇಪ್ಪತ್ತಮೂರನೆಯ ಮನೆಯ ಜಗಲಿಯಲ್ಲಿ ಮಾತೆಯವರು ಸಿಕ್ಕರು. ಕಂಬಕ್ಕೆ ಒರಗಿ, ಕೋಲನ್ನು ಅಪ್ಪಿಕೊಂಡು ಕುಳಿತಿದ್ದರು. ಹೊದ್ದ ಸೆರಗಿನೊಳಗೆ ಮೈ ಗಡಗಡನೆ ನಡುಗುತ್ತಿತ್ತು. ಪಾದಗಳು ಊದಿಕೊಂಡು ಹಿಮ್ಮಡಿಯ ಒಡಕುಗಳಲ್ಲಿ ಮಣ್ಣು ತುಂಬಿತ್ತು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಕೇಳಿಯೇ ಹೋಗಬೇಕೆಂದು, ಅವರು ಬರುವ ತನಕ ಕಾಯುತ್ತಿದ್ದರು.

ಚೌರಪ್ಪ ‘ಸ್ತೋತ್ರ’ ಎಂದು ವಂದಿಸಲೂ ಮರೆತು ಅವರ ಮುಂದೆ ನೆಲಕ್ಕೆ ಕುಸಿದನು. ಯಾಕವ್ವ ಹೀಗೆ ಮಾಡಿದಿರಿ ಎಂದು ಕೇಳಿದನು. ನನ್ನನ್ನು ಕರೆಸಿ ಬೈಯಬಹುದಿತ್ತು, ಸ್ವಾಮಿಗಳಿಗೆ ಹೇಳಬಹುದಿತ್ತು, ಸಾಹೇಬರಿಗೆ ಬರೆಸಬಹುದಿತ್ತು ಎಂದನು. ಮಾತೆಯವರು ಅವನನ್ನೇ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದದ್ದು ದಣಿವು ಮಾತ್ರ. ತನ್ನದೇ ದಣಿವನ್ನು ಇನ್ನೊಬ್ಬರ ಮುಖದಲ್ಲಿ ಕಂಡಂತಾಯಿತು ಎಂದು ಚೌರಪ್ಪ ಮುಂದೆ ಹೇಳುತ್ತಿದ್ದನು.

“ದೇವಮಾತೆ ಹಬ್ಬದ್ ದಿನ ನನ್ ಗುಡಿಸ್ಲು ಗೋಡೆ ಒರೆಸ್ತಿದ್ದೆ,” ಎಂದರು. “ಇನ್ನೂ ಬರದಿರೋ ದಿನಕ್ಕೆ ನಿನ್ ಹೆಸರು ಬಿದ್ದಿತ್ತು. ಜ್ಞಾನಸ್ನಾನದಾಗ ಕೊಟ್ಟ ಹೆಸರು ಮಗಾ ಅದು. ಬಂದೆ ಅಂತ ಬರ್ದೈತೆ. ಯಾರಾದ್ರೂ ಬರಬೇಕಲ್ಲ. ನಾ ಬಂದೆ.”

ಚೌರಪ್ಪನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವನ ಹೆಸರು ಸಂತ ಶೌರಿಯವರದು, ಊರವರ ಬಾಯಲ್ಲಿ ಚೌರಪ್ಪ ಆದದ್ದು. ದೇಶದಿಂದ ದೇಶಕ್ಕೆ ಬರಿಗಾಲಲ್ಲಿ ಸುತ್ತಿ, ಸುತ್ತುತ್ತಲೇ ಪ್ರಾಣಬಿಟ್ಟ ಮಹಾತ್ಮರ ಹೆಸರು. ಆ ಹೆಸರನ್ನು ಎರಡು ಗೀಟಿಗೆ ಇಳಿಸಿ ಗೋಡೆಯ ಮೇಲೆ ನಡೆಸಿ, ತಾನು ಮನೆಯಲ್ಲಿ ಮಲಗಿದ್ದನು. ಅವನು ಅತ್ತುಬಿಟ್ಟನು. ಅಳುತ್ತಲೇ, ಮಗು ತಪ್ಪು ಮಾಡಿ ತಾಯಿಗೆ ಹೇಳುವಂತೆ, ನನಗೆ ದಣಿವಾಗಿದೆ ಅವ್ವ, ತುಂಬಾ ದಣಿವಾಗಿದೆ, ಮಂಡಿ ಏಳುವುದಿಲ್ಲ ಎಂದನು.

ಮಾತೆಯವರು ನಡುಗುವ ಕೈಯನ್ನು ಅವನ ತಲೆಯ ಮೇಲಿಟ್ಟರು.

“ದಣಿಯೋದು ಪಾಪ ಅಲ್ಲ ಕಣ ಮಗಾ. ನಮ್ಮಪ್ಪನೂ ಶಿಲುಬೆ ಹೊತ್ಕಂಡು ಮೂರು ಸಲ ಬಿದ್ರು. ಬಿದ್ದಾಗ ಬಿದ್ದಂಗೇ ಕಂಡ್ರು. ಬರಾಕಾಗ್ದಿದ್ರೆ ಬರಲಿಲ್ಲ ಅಂತ ಬರಿ. ಗೋಡೆ ಬೀಳಾಕಿಲ್ಲ.”

ಇಷ್ಟೇ ಅವರು ಹೇಳಿದ್ದು. ಹೇಳಿ ಮತ್ತೆ ಕೋಲೂರಿ ಏಳಲು ಹೋದರು, ಇನ್ನೂ ಹದಿನೈದು ಮನೆ ಬಾಕಿ ಇದ್ದವಲ್ಲ. ಚೌರಪ್ಪ ಅವರನ್ನು ಏಳಗೊಡಲಿಲ್ಲ. ಚೀಲ ಬಿಚ್ಚಿ ಸೂಜಿಯನ್ನೂ ಗಾಜಿನ ಪಟ್ಟಿಯನ್ನೂ ತೆಗೆದನು. ಅವ್ವ, ನಿಮಗೆ ಜ್ವರ ಐತಾ ಎಂದು ಕೇಳಿದನು. ಮೂರು ತಿಂಗಳಲ್ಲಿ ಅವನು ಮನಸ್ಸಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಐತೆ ಎಂದು ಮಾತೆಯವರು ಬೆರಳು ಚಾಚಿದರು. ಪೊರಕೆ ಹಿಡಿದೂ ಹಿಡಿದೂ ಕಾಯಿಗಟ್ಟಿದ ಆ ಬೆರಳಿಗೆ ಸೂಜಿ ಇಳಿಯಲು ಎರಡು ಸಲ ಚುಚ್ಚಬೇಕಾಯಿತು. ಹನಿ ರಕ್ತವನ್ನು ಗಾಜಿಗೆ ಸವರಿ, ಮಾತ್ರೆ ನುಂಗಿಸಿ, ಅವರನ್ನು ಎತ್ತಿಕೊಂಡೇ ಹೋಗಿ ಗುಡಿಸಲಿನ ಚಾಪೆಯ ಮೇಲೆ ಮಲಗಿಸಿದನು. ಕಂಬಳಿ ಹೊದಿಸುವಾಗ, ಮನೆಯವರು ಹೊಲದಿಂದ ಬಂದರೆ ಕೇಳುವುದನ್ನು ಮರೆಯಬೇಡ ಎಂದರು. ಅವನು ಮರೆಯಲಿಲ್ಲ. ಹಿಂದಕ್ಕೆ ಮೊದಲ ಮನೆಯಿಂದ ಶುರುಮಾಡಿ, ಮೂವತ್ತೆಂಟು ಮನೆಗಳನ್ನೂ ಕೇಳಿ ಮುಗಿಸಿ, ಅಲ್ಲೇ ಗುಡಿಯ ಜಗಲಿಯ ಮೇಲೆ ಉಳಿದನು.

ಮಾರನೆಯ ದಿನ ಸಾಹೇಬರು ಬಂದರು. ಪಾಪ, ಅವರೂ ದಪ್ಪ ಆಳು, ಹತ್ತಿ ಬರುವಷ್ಟರಲ್ಲಿ ಮುಖ ಕೆಂಪಾಗಿತ್ತು. ನೀರು ಕುಡಿದು ನಾಲ್ಕಾರು ಮನೆಗಳ ಗೋಡೆ ನೋಡಿದರು, ಹೆಂಗಸರನ್ನು ವಿಚಾರಿಸಿದರು. ತಪ್ಪದೆ ಬಂದು ಕೇಳುತ್ತಾರೆ ಸ್ವಾಮಿ, ಬಾರದಿದ್ದರೆ ಅವ್ವನನ್ನಾದರೂ ಕಳಿಸುತ್ತಾರೆ ಎಂದು ಮದಲಮೇರಿ ಮೊದಲಾಗಿ ಎಲ್ಲರೂ ಒಂದೇ ಬಾಯಿಂದ ಹೇಳಿದರು. ಜ್ವರದಿಂದ ಉಳಿದ ಮಗುವನ್ನೂ ತಂದು ತೋರಿಸಿದರು. ಸಾಹೇಬರಿಗೆ ಸಂತೋಷವಾಯಿತು. ನಿನ್ನಂಥವರು ಹತ್ತು ಜನ ಇದ್ದರೆ ಸಾಕಯ್ಯ ಎಂದು ಬೆನ್ನು ತಟ್ಟಿದರು.

ಅಲ್ಲಿಗೆ ಮುಗಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಹೊಗಳಿಕೆಯೂ ಬರುತ್ತಿತ್ತು. ಗುಡಿಸಲಿನೊಳಗೆ ಮಲಗಿದ್ದವರು ಏನೂ ಹೇಳುವವರಲ್ಲವೆಂದು ಚೌರಪ್ಪನಿಗೆ ಚೆನ್ನಾಗಿ ಗೊತ್ತಿತ್ತು.  ಪಾಸ್ಕಮ್ಮ ಕಣ್ಣ ಮುಂದೆ ಬಂದಳು. ಆದರೆ ಆ ತಟ್ಟಿದ ಕೈ ಬೆನ್ನ ಮೇಲೆ ಕೆಂಡದಂತೆ ಸುಡುತ್ತಿತ್ತು.

ಅವನು ಗೋಡೆಯ ಹತ್ತಿರ ಹೋಗಿ ಐದು ತಾರೀಖುಗಳನ್ನು ಬೆರಳಿಟ್ಟು ತೋರಿಸಿದನು. ಈ ಐದು ದಿನ ನಾನು ಬಂದಿಲ್ಲ, ಮುಂಚೆಯೇ ಬರೆದಿಟ್ಟು ಹೋಗಿದ್ದೆ, ನಾನು ಯಾರನ್ನೂ ಕಳಿಸಿಯೂ ಇಲ್ಲ ಎಂದನು.  ಸಾಹೇಬರು ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

“ಯಾರೂ ದೂರು ಕೊಟ್ಟಿಲ್ಲ. ನೀನ್ಯಾಕಯ್ಯ ಹೇಳ್ತಿದ್ದೀಯ?”

“ಆ ಹೆಸರು ನಂದು ಸಾಹೇಬ್ರೆ,” ಎಂದನು ಚೌರಪ್ಪ.

ಸಾಹೇಬರು ನಿಟ್ಟುಸಿರು ಬಿಟ್ಟರು. ಮಾಡಿದ್ದಕ್ಕೆ ಶಿಕ್ಷೆ ತಪ್ಪುವುದಿಲ್ಲ, ಬಡ್ತಿಯ ಆಸೆ ಬಿಡು ಎಂದರು. ಕೆಲಸವನ್ನು ಮಾತ್ರ ತೆಗೆಯಲಿಲ್ಲ. ಸುಳ್ಳು ತಾರೀಖುಗಳನ್ನೆಲ್ಲ ಸರಿಪಡಿಸಿ ಇಳಿದು ಬಾ ಎಂದು ಹೇಳಿ, ಕೋಲು ಹುಡುಕಿಕೊಂಡು ಬೆಟ್ಟ ಇಳಿದರು.

ಸರಿಪಡಿಸಲು ಚೌರಪ್ಪನಿಗೆ ಎರಡು ದಿನ ಹಿಡಿಯಿತು. ಅಳಿಸುವಂತಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಐದು ತಾರೀಖುಗಳ ಮುಂದಿನ ‘ಚೌ’ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ‘ಬರಲಿಲ್ಲ’ ಎಂದು ಬರೆದನು. ಬರೆಯುವಾಗ ಮನೆಯವರು ಬಂದು ಇದೇನು ಎಂದು ಕೇಳುತ್ತಿದ್ದರು. ಓದು ಬಾರದವರಿಗೆ ತಾನೇ ಓದಿ ಹೇಳಬೇಕಾಗುತ್ತಿತ್ತು. ಮೂವತ್ತೆಂಟು ಬಾಗಿಲುಗಳಲ್ಲಿ ಮೂವತ್ತೆಂಟು ಸಲ ಹೇಳಿದನು. ಅದಕ್ಕಿಂತ ದೊಡ್ಡ ಪಾಪನಿವೇದನೆಯನ್ನು ಯಾವ ಸ್ವಾಮಿಗಳೂ ಕೇಳಿರಲಾರರು. ಒಬ್ಬ ಮುದುಕ ಕ್ಯಾಕರಿಸಿ ಉಗಿದನು. ಒಬ್ಬಳು ಬಾಗಿಲು ಹಾಕಿಕೊಂಡಳು. ಮದಲಮೇರಿ ಮಗುವನ್ನು ಎದೆಗವಚಿಕೊಂಡು ಒಂದು ಮಾತೂ ಆಡದೆ ನಿಂತಳು. ಉಗಿಯುವುದಕ್ಕಿಂತ ಅದೇ ಅವನಿಗೆ ಕಷ್ಟವಾಯಿತು. ಆದರೆ ಅವನು ಹೊರಡುವಾಗ ಅವಳೇ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಆ ಕ್ರಿಸ್ಮಸ್ಸಿಗೆ ದೊಡ್ಡಿಯವರು ಎಂದಿನಂತೆ ಸುಣ್ಣ ಬಳಿದರು. ಎಂದಿನಂತೆ ಚೌಕವನ್ನು ಬಿಟ್ಟು ಸುತ್ತ ಬಳಿದರು. ಬೆಳ್ಳಗಿನ ಗೋಡೆಗಳ ನಡುವೆ ಆ ‘ಬರಲಿಲ್ಲ’ಗಳು ವರ್ಷವಿಡೀ ಹಾಗೇ ನಿಂತವು. ಹದಿನೈದು ದಿನಕ್ಕೊಮ್ಮೆ ಚೌರಪ್ಪ ಅವುಗಳ ಮುಂದೆಯೇ ನಿಂತು ಜ್ವರ ಕೇಳಬೇಕಾಗಿತ್ತು. ಗುಡಿಯಲ್ಲಿ ಚಪ್ಪರದ ಕೋಲನ್ನು ತಾನಾಗಿಯೇ ಬೇರೆಯವರಿಗೆ ಬಿಟ್ಟುಕೊಟ್ಟನು. ಎರಡು ವರ್ಷದ ಮೇಲೆ ಸ್ವಾಮಿಗಳು ಕರೆದು ಮತ್ತೆ ಅವನ ಕೈಗೇ ಕೊಟ್ಟರು.

ಮಾತೆಯವರ ರಕ್ತದಲ್ಲಿ ಮಲೇರಿಯಾ ಇದೆಯೆಂದು ಗಾಜಿನ ಪಟ್ಟಿ ಹೇಳಿತು. ಕ್ರಮವಾಗಿ ಮಾತ್ರೆ ಕೊಟ್ಟು ಚೌರಪ್ಪನೇ ನೋಡಿಕೊಂಡನು. ವಾಸಿಯಾಯಿತು, ಆದರೆ ಕಾಲಿನ ಬಲ ಮರಳಲಿಲ್ಲ. ಅಂದಿನಿಂದ ಮನೆಮನೆಗೆ ಹೋಗುವ ಕೆಲಸ ಪೂರ್ತಿ ಅವನದಾಯಿತು. ಅವನ ದಣಿವು ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾದೀತು, ಈ ಪ್ರಸಂಗದಲ್ಲಂತೂ ಸುಳ್ಳು ಸಲ್ಲದು. ಮಂಡಿ ಹಾಗೇ ಬೈಯುತ್ತಿತ್ತು, ಹಳ್ಳ ಹಾಗೇ ತುಂಬುತ್ತಿತ್ತು. ಮುಂದಿನ ವರ್ಷಗಳಲ್ಲಿ ಮೂರು ಸಲ ಅವನು ಹತ್ತಲಾರದೆ ಹೋದನು. ಆ ಮೂರು ಸಲವೂ ಮುಂದೆ ಬಂದ ದಿನ, ತಪ್ಪಿದ ತಾರೀಖಿನ ಎದುರಿಗೆ ‘ಬರಲಿಲ್ಲ, ಚೌರಪ್ಪ’ ಎಂದು ಪೂರ್ತಿ ಹೆಸರಿನಲ್ಲಿ ಬರೆದನು. ಮಾತೆಯವರು ಹೇಳಿದ್ದು ನಿಜ. ಯಾವ ಗೋಡೆಯೂ ಬೀಳಲಿಲ್ಲ.

ಮೂರನೆಯ ವರ್ಷ, ನವೆಂಬರ್ ಎರಡರ ಸತ್ತವರ ಹಬ್ಬದ ಮಾರನೆಯ ದಿನ ಮಾತೆ ಸಲೇತಮ್ಮನವರು ಪ್ರಭುವಿನಲ್ಲಿ ನಿದ್ರಿಸಿದರು. ಗುಡಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಸುತ್ತಲ ಎಂಟು ಊರುಗಳ ಜನ ಸೇರಿದ್ದರು, ಶಿಲುಬೆ ಗುರುತು ಹಾಕಲು ಬಾರದವರೂ ಬಂದಿದ್ದರು.

ಹತ್ತು ದಿನ ಕಳೆದು ಗುರುವಾರ ಬಂತು. ಚೌರಪ್ಪ ಹತ್ತಿ ಬಂದು ಮೂವತ್ತೇಳು ಮನೆಗಳನ್ನು ಮುಗಿಸಿ ಗುಡಿಯ ಹಿಂದಿನ ಗುಡಿಸಲಿಗೆ ಬಂದನು. ಅದು ಅವನ ಪಟ್ಟಿಯ ಕೊನೆಯ ಮನೆ. ಒಳಗೆ ಚಾಪೆ ಸುತ್ತಿ ನಿಲ್ಲಿಸಿತ್ತು. ಕ್ಯಾಲೆಂಡರಿನಲ್ಲಿ ಇದ್ದಿಲಿನ ಗೀಟು ಎರಡನೆಯ ತಾರೀಖಿಗೆ ನಿಂತಿತ್ತು. ಯಾರೂ ಇಲ್ಲದ ಮನೆಗೆ ‘ಬೀಗ’ ಎಂದು ಬರೆಯಬೇಕೆಂಬುದು ಇಲಾಖೆಯ ನಿಯಮ. ಆದರೆ ಆ ಬಾಗಿಲಿಗೆ ಬೀಗವೇ ಇರಲಿಲ್ಲ, ಯಾವತ್ತೂ ಇರಲಿಲ್ಲ. ಅವನು ಹೊಸ್ತಿಲ ಹೊರಗೆ ನಿಂತು, ಎಂದಿನಂತೆ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ ಅವ್ವ ಎಂದು ಕೇಳಿದನು. ಒಬ್ಬರು ಎದ್ದು ಬಂದು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದನು. ಕಣ್ಣು ತುಂಬಿ ಬಂತು. ತೋಳಿನಿಂದ ಒರೆಸಿಕೊಂಡು, ಚೌಕದಲ್ಲಿ ಆ ದಿನದ ತಾರೀಖನ್ನು ಬರೆದು, ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದು, ಅದರ ಮುಂದೆ ತನ್ನ ಪೂರ್ತಿ ಹೆಸರು ಹಾಕಿದನು.

ಮಂಡಿ ಬಹಳ ನೋಯುತ್ತಿತ್ತು. ಆದರೆ ಬಂದಿದ್ದನು, ಆದ್ದರಿಂದ ರುಜು ಹಾಕಿದನು.